ಸಜ್ಜದ ಮೇಲೆ ಹೋದ ಮಿಷಿನ್

ನಮ್ಮಪ್ಪನ ಗೊರಕೆ ನೆಂಟರಿಷ್ಟರಿಗೆಲ್ಲ ಬಿಟ್ಟಿ ಮನರಂಜನೆಯಾಗಿತ್ತು. ಚಿಕ್ಕಲಸಂದ್ರದ ಮನೆಗೆ ಯಾರೇ ಬಂದರೂ, ಊಟವಾದ ಮೇಲೆ ಅಪ್ಪ ದಿವಾನದ ಮೇಲೆ ಒರಗುವುದನ್ನೇ ಕಾಯುತ್ತಿದ್ದರು. ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತುಬಿಡುತ್ತಿತ್ತು. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ಬಾವಿಯಲ್ಲಿ ಮುಳುಗಿ ಎದ್ದವರಂತೆ ಅಪ್ಪ ಗಬಕ್ಕನೆ ಉಸಿರೆಳೆದುಕೊಂಡಾಗ ಹಾಲ್ ತುಂಬ ನಗು. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, "ನೋಡ್ರಪ್ಪಾ, ಲಾರಿ ಹಂಪ್ ಹತ್ತಿ ಇಳೀತು" ಎನ್ನುತ್ತಿದ್ದರು. ಒಬ್ಬ ಮನುಷ್ಯನ ಉಸಿರು ನಿಂತದ್ದನ್ನು ನೋಡಿ ಅಷ್ಟು ಜನ ನಕ್ಕರಲ್ಲ ಎಂದು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಗೊರಕೆ ನಮ್ಮವರಿಗೆ ಸುಖದ ಗುರುತು. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ, ಸೈಟಿನ ಮೇಲೆ ಬಾಡಿಗೆ ಮನೆಗಳೆದ್ದು, ಯಜಮಾನ ಗಡದ್ದಾಗಿ ಮಲಗಿದರೆ ಅದರಲ್ಲೇನು ತಪ್ಪು ಎಂಬ ಲೆಕ್ಕಾಚಾರ. ಅಪ್ಪ ಹಗಲಲ್ಲೂ ತೂಕಡಿಸುತ್ತಿದ್ದರು. ಕಟಿಂಗ್ ಶಾಪಿನ ಕುರ್ಚಿಯಲ್ಲಿ, ಮದುವೆ ಮನೆಯಲ್ಲಿ ಮುಹೂರ್ತದ ಹೊತ್ತಿನಲ್ಲಿ. ಒಂದು ದಿನ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತ, ಬನಶಂಕರಿ ಸಿಗ್ನಲ್ಲಿನಲ್ಲಿ ಸ್ಟೇರಿಂಗ್ ಹಿಡಿದೇ ನಿದ್ದೆ ಹೋದರು. ಹಸಿರು ದೀಪ ಬಿದ್ದು ಹಿಂದಿನವರು ಹಾರನ್ ಹೊಡೆದರೂ ಎಚ್ಚರವಾಗಲಿಲ್ಲ. ಅವರನ್ನು ಅಲುಗಿಸಿ ಎಬ್ಬಿಸಿ ಪಕ್ಕದ ಸೀಟಿಗೆ ಕೂರಿಸಿ, ಗಾಡಿ ನಾನೇ ತೆಗೆದುಕೊಂಡು, ಮನೆಗೆ ಹೋಗದೆ ಸೀದಾ ಜಯನಗರದ ಡಾಕ್ಟರ ಹತ್ತಿರ ಹೋದೆ.

ಅಪ್ಪನ ಮೈಗೆ ವೈರುಗಳನ್ನು ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದ ಮೇಲೆ ಡಾಕ್ಟರಮ್ಮ ಹೇಳಿದರು: "ಅಂಕಲ್, ನೀವು ಚೆನ್ನಾಗಿ ನಿದ್ದೆ ಮಾಡ್ತೀರಾ ಅಂತ ಎಲ್ರೂ ಅನ್ಕೊಂಡಿದಾರೆ. ನಿಮ್ಗೆ ನಿದ್ದೇನೇ ಆಗ್ತಿಲ್ಲ. ಗಂಟಲು ಮುಚ್ಕೊಂಡು ಉಸಿರು ನಿಲ್ಲುತ್ತೆ, ಮೆದುಳು ಎಬ್ಬಿಸುತ್ತೆ, ಮತ್ತೆ ಮುಚ್ಕೊಳ್ಳುತ್ತೆ. ರಾತ್ರಿಯೆಲ್ಲ ಇದೇ ಕತೆ. ಹಿಂಗೇ ಬಿಟ್ರೆ ಬಿಪಿ, ಹಾರ್ಟು, ಸ್ಟ್ರೋಕು." ಮಲಗುವಾಗ ಮುಖಕ್ಕೆ ಹಾಕಿಕೊಳ್ಳುವ ಮಾಸ್ಕ್, ಗಂಟಲು ಮುಚ್ಚದಂತೆ ಅದರೊಳಕ್ಕೆ ಗಾಳಿ ನೂಕುವ ಒಂದು ಪುಟ್ಟ ಮಿಷಿನ್ ಕೊಟ್ಟರು. ಪ್ರತಿ ರಾತ್ರಿಯೂ ಬೇಕು, ಬಿಡಬಾರದು ಎಂದು ಎರಡೆರಡು ಸಲ ಹೇಳಿದರು.

ಮೊದಲ ವಾರ ಅಪ್ಪ ಗೊಣಗಿದರು. ಆಮೇಲೊಂದು ಬೆಳಿಗ್ಗೆ ವಸಂತಪುರದಲ್ಲಿರುವ ನನ್ನ ಗಂಡನ ಮನೆಗೆ ಫೋನ್ ಮಾಡಿ, "ಇವತ್ತು ನಿಜವಾಗ್ಲೂ ಬೆಳಗಾಯ್ತು ಅನ್ನಿಸ್ತು ಕಣಮ್ಮಾ" ಎಂದರು. ಆ ಮಾತಿನ ಸಂತೋಷಕ್ಕೆ ನಾನು ಅವತ್ತು ಪಾಯಸ ಮಾಡಿದೆ. ಅಪ್ಪ ಟೆರೇಸಿಗೆ ಏದುಸಿರಿಲ್ಲದೆ ಹತ್ತಿಳಿಯುತ್ತಿದ್ದರು. ಬಾಡಿಗೆಯವರ ಜೊತೆ ನಲ್ಲಿ ನೀರಿಗಾಗಿ ಜಗಳವಾಡುವಷ್ಟು ಚೈತನ್ಯ ಬಂದಿತ್ತು.

ಅಷ್ಟರಲ್ಲಿ ತಮ್ಮನಿಗೆ ಗೊಟ್ಟಿಗೆರೆಯ ಹುಡುಗಿ ಒಪ್ಪಿಗೆಯಾದಳು. ನಾವು ಹೋಗಿ ಹೆಣ್ಣು ನೋಡಿ ಬಂದ ಮೇಲೆ, ಅವರ ಕಡೆಯವರು ಗಂಡಿನ ಮನೆ ನೋಡಲು ಬರಬೇಕು. ಮನೆ ನೋಡುವುದೆಂದರೆ ನಮ್ಮಲ್ಲಿ ಬಚ್ಚಲಿನಿಂದ ಹಿಡಿದು ಟೆರೇಸಿನ ಟ್ಯಾಂಕಿನವರೆಗೆ ನೋಡುತ್ತಾರೆ. ಹಿಂದಿನ ದಿನ ದೊಡ್ಡಪ್ಪ ಬಂದು ಅಪ್ಪನ ಮಂಚದ ಪಕ್ಕ ನಿಂತು ಮಿಷಿನ್ ತೋರಿಸಿ ತೀರ್ಪು ಕೊಟ್ಟರು: "ಇದನ್ನ ಮೊದ್ಲು ಎತ್ತಿಡ್ರಿ. ಆಕ್ಸಿಜನ್ ಮೇಲಿರೋ ಮನುಷ್ಯ ಅಂತಾರೆ. ನಾಳೆ ಹುಡ್ಗನಿಗೂ ಬರುತ್ತೆ ಅಂತಾರೆ. ಮನೆತನದ ಮರ್ಯಾದೆ ಏನಾಗ್ಬೇಕು?"

ನಾನು ಜಗಳವಾಡಿದೆ. "ಅವ್ರು ಹೋದ್ಮೇಲೆ ಇಳಿಸ್ತೀವಲ್ಲ, ನೀನ್ಯಾಕೆ ಕಿರುಚ್ತೀಯ?" ಎಂದು ಅಮ್ಮ ನನ್ನ ಬಾಯಿ ಮುಚ್ಚಿಸಿದಳು. ಅಪ್ಪ ತಾವೇ ಮಿಷಿನ್ ಎತ್ತಿ ದೊಡ್ಡಪ್ಪನ ಕೈಗೆ ಕೊಟ್ಟರು. ಅದು ಹಬ್ಬದ ಹಿತ್ತಾಳೆ ಪಾತ್ರೆಗಳ ಜೊತೆ ಬಾಗಿಲ ಮೇಲಿನ ಸಜ್ಜ ಸೇರಿತು.

ಸೇರಿದ್ದು ಇಳಿಯಲಿಲ್ಲ. ನಿಶ್ಚಿತಾರ್ಥ ಆಗಲಿ ಎಂದರು. ಮದುವೆ ಮುಗಿಯಲಿ ಎಂದರು. ಮದುವೆಯಾದ ಮೇಲೆ, ಹೊಸ ಸೊಸೆ ಪಕ್ಕದ ರೂಮಿನಲ್ಲೇ ಇದ್ದಾಳೆ, ಸ್ವಲ್ಪ ಹೊಂದಿಕೊಳ್ಳಲಿ ಎಂದರು. ನಾನು ಫೋನ್ ಮಾಡಿದಾಗಲೆಲ್ಲ ಅಪ್ಪ, "ಚೆನ್ನಾಗಿದೀನಿ ಬಿಡು" ಎನ್ನುತ್ತಿದ್ದರು. ಗೊರಕೆ ವಾಪಸ್ಸು ಬಂತು, ನೆಂಟರ ನಗುವೂ ಬಂತು. ನಿಮ್ಮ ಹುಡುಗಿಯ ಮಾವ ನಿಶ್ಚಿಂತೆಯಿಂದ ಮಲಗುತ್ತಾರೆಂದು ಹೊಸ ಬೀಗರಿಗೆ ಹೇಳಿ ದೊಡ್ಡಪ್ಪ ಮೀಸೆ ತಿರುವಿದರು.

ಒಂದು ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿಯಲು ಹೋದರೆ ಬಲಗೈ ಹಿಡಿಯಲಿಲ್ಲ. ಬಾಯಿ ಸೊಟ್ಟಗಾಗಿತ್ತು. ಸ್ಟ್ರೋಕ್. ಕಾರಣ ಇದೊಂದೇ ಎನ್ನಲಾಗದು, ಆದರೆ ಮಿಷಿನ್ ಬಿಡಬಾರದಿತ್ತು ಎಂದು ಡಾಕ್ಟರಮ್ಮ ನಮ್ಮ ಮುಖ ನೋಡದೆ ಹೇಳಿದರು. ದೊಡ್ಡಪ್ಪ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಹಣೆಬರಹ ಎಂದರು. ಯಾರ ಹಣೆಯ ಮೇಲೆ ಯಾರು ಬರೆದದ್ದು ಎಂದು ಕೇಳಿದೆ. ಅವರು ಕೆಮ್ಮಿಕೊಂಡು ಆಚೆ ಹೋದರು. ಅವತ್ತಿನಿಂದ ನಮಗೆ ಮಾತಿಲ್ಲ, ನನಗೆ ಬೇಕಾಗಿಯೂ ಇಲ್ಲ.

ಅಪ್ಪ ಮನೆಗೆ ಬಂದ ದಿನ ಸಜ್ಜದಿಂದ ಮಿಷಿನ್ ಇಳಿಸಿ, ಧೂಳು ಒರೆಸಿ, ಮಾಸ್ಕ್ ತೊಳೆದೆ. ಪಟ್ಟಿ ಎಲ್ಲಿ ಸಿಕ್ಕಿಸಬೇಕೋ ಅಮ್ಮನಿಗೂ ನನಗೂ ಮರೆತುಹೋಗಿತ್ತು. ತಮ್ಮನ ಹೆಂಡತಿ ಬಂದು, "ಕೊಡಿ ಅಕ್ಕ" ಎಂದು ತೆಗೆದುಕೊಂಡು, ಅಪ್ಪನ ತಲೆಯನ್ನು ಮೆಲ್ಲಗೆ ಎತ್ತಿ, ಚಕಚಕನೆ ಹಾಕಿಬಿಟ್ಟಳು.

"ನಿಂಗೆ ಹೆಂಗಮ್ಮ ಗೊತ್ತು?" ಎಂದೆ.

"ನಮ್ಮಪ್ಪಂಗೂ ಇದೆಯಲ್ಲ ಅಕ್ಕ" ಎಂದವಳು ನಾಲಿಗೆ ಕಚ್ಚಿಕೊಂಡಳು. "ನೀವೆಲ್ಲ ನನ್ನ ನೋಡಕ್ಕೆ ಬಂದಾಗ ಅಮ್ಮ ಮಿಷಿನ್ನ ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ರು. ಸಂಬಂಧ ತಪ್ಪೋಗುತ್ತೆ ಅಂತ."

ಅಪ್ಪನಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಎಡಗೈಯಿಂದ ಮಾಸ್ಕ್ ಪಕ್ಕಕ್ಕೆಳೆದು, ತೊದಲುತ್ತ ಸೊಸೆಯನ್ನು ಕೇಳಿದರು: "ಆಮೇಲೆ... ಯಾವಾಗ ಆಚೆ ತೆಗುದ್ರು?"

"ಅವತ್ತೇ ಸಾಯಂಕಾಲ, ಮಾವ. ನೀವು ಆ ಕಡೆ ಹೊರಟ ತಕ್ಷಣ."

ಅಪ್ಪ ತಲೆಯಾಡಿಸಿದರು. ಮಾಸ್ಕನ್ನು ತಾವೇ ಮತ್ತೆ ಹಾಕಿಕೊಳ್ಳಲು ಹೋದರು. ಆ ಪಟ್ಟಿ ಬಿಗಿಯಲು ಎರಡು ಕೈ ಬೇಕು.