ಅಳತೆ ಜಾಕೀಟು

ಬಿಸಿಲು ಕಾಣದೆ ಒಣಗಿದ ಬಟ್ಟೆಗೆ ಒಂದು ವಾಸನೆಯಿದೆ. ಹುಳಿಯೂ ಅಲ್ಲ, ಮುಗ್ಗಲೂ ಅಲ್ಲ, ಅವೆರಡರ ನಡುವಿನದು. ಮೊನ್ನೆ ಮೋಡ ಕವಿದು ಒಗೆದದ್ದೆಲ್ಲ ನೆರಳಲ್ಲೇ ಒಣಗಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಕ್ಲಿಪ್ಪು ಹಿಡಿದು ಹಾಗೇ ನಿಂತುಬಿಟ್ಟೆ. ಬೇತಮಂಗಲದ ದಾರಿಯ ನಮ್ಮ ಹಳೇ ಮನೆಯ ಹಿತ್ತಿಲು, ಹಸುವಿನ ಗಂಜಲದ ಘಾಟು, ತಂತಿಯ ಮೇಲೆ ದೊಡ್ಡಪ್ಪನ ಪಂಚೆ, ಆ ಪಂಚೆಯ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ ದೊಡ್ಡಮ್ಮನ ಬಾಡಿ. ಬ್ರಾ ಎನ್ನುವ ಮಾತು ನಮ್ಮ ಕಡೆ ಹೆಂಗಸರ ಬಾಯಲ್ಲಿ ಬರುತ್ತಿರಲಿಲ್ಲ. ರವಿಕೆಗೆ ಜಾಕೀಟು, ಅದರೊಳಗಿನದಕ್ಕೆ ಬಾಡಿ. ನಿಮ್ಮ ಮನೆಯಲ್ಲೂ ಅದು ಹೀಗೇ ಏನಾದರೊಂದರ ಅಡಿಯಲ್ಲಿ ಅವಿತುಕೊಂಡು ಒಣಗಿರಬೇಕು.

ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ನಾನು ಅಮ್ಮನಿಗಿಂತ ದೊಡ್ಡಮ್ಮನ ಸೊಂಟದ ಮೇಲೇ ಹೆಚ್ಚು ಬೆಳೆದವಳು. ಮೈತುಂಬಿದ ಹೆಂಗಸು, ಡೇರಿಗೆ ಹಾಲು ಹಾಕಿ ಬಂದು ಕೂತರೆ ಜಗಲಿಯೇ ಚಿಕ್ಕದಾದಂತೆ ಕಾಣುತ್ತಿತ್ತು. ಎಣ್ಣೆನೀರಿನ ದಿನ ಅವಳ ಭುಜಕ್ಕೆ ಹರಳೆಣ್ಣೆ ತಿಕ್ಕುವುದು ನನ್ನ ಕೆಲಸ. ಒಲೆಯ ಹೊಗೆ, ಹಂಡೆಯ ಬಿಸಿನೀರಿನ ಆವಿ, ಅದರ ನಡುವೆ ಅವಳ ಹೊಳೆಯುವ ಬೆನ್ನು. ಈಗಲೂ ಕಣ್ಣು ಮುಚ್ಚಿದರೆ ಆ ಬೆನ್ನು ಕಾಣುತ್ತದೆ. ಎರಡು ಭುಜದ ಮೇಲೂ ಒಂದೊಂದು ಕುಳಿ ಬಿದ್ದಿತ್ತು, ಕಪ್ಪಗೆ, ನನ್ನ ಕಿರುಬೆರಳು ಮಲಗುವಷ್ಟು ಆಳ. ಅಲ್ಲಿ ಮುಟ್ಟಿದರೆ ಹಲ್ಲುಕಚ್ಚಿ ಉಸಿರೆಳೆದುಕೊಳ್ಳುವಳು. ಬಲಗೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ. 'ಉಲ್ಲಿನ ಒರೆ ಒತ್ತೂ ಒತ್ತೂ ಇಂಗಾಗೈತೆ ಕಣೇ' ಎಂದು ಹಸುವಿಗೆ ತರುವ ಹುಲ್ಲುಹೊರೆಯ ಮೇಲೆ ತಪ್ಪು ಹಾಕುವಳು. 'ಒರೆ ಒರೋದು ತಲೆ ಮ್ಯಾಲೆ, ಕುಳಿ ಬೀಳೋದು ಭುಜದಾಗಾ ಅಕ್ಕ?' ಎಂದು ಅಮ್ಮ ಒಲೆಯ ಮುಂದಿಂದಲೇ ಕಾಲೆಳೆಯುವಳು. ಇಬ್ಬರೂ ನಗುತ್ತಿದ್ದರು. ಆ ಪ್ರಶ್ನೆ ಎಷ್ಟು ಸರಿಯಾದದ್ದೆಂದು ಕೇಳಿದವಳಿಗೂ ಹೊಳೆಯಲಿಲ್ಲ. ನನಗಂತೂ ಒಂದೇ ಆಸೆ, ಚೆನ್ನಾಗಿ ತಿಕ್ಕಿ ತಿಕ್ಕಿ ಆ ಕುಳಿಗಳನ್ನು ತುಂಬಿಬಿಡಬೇಕು.

ನಮ್ಮ ಮನೆಯ ಹೆಂಗಸರ ಮೈಗೆ ಟೇಪು ತಾಗಿದ್ದೇ ಇಲ್ಲ. ಟೈಲರು ಗಂಡಸು, ಮುಟ್ಟಿ ಅಳೆಯುವುದುಂಟೆ? ಚೆನ್ನಾಗಿ ಕೂರುವ ಹಳೆಯದೊಂದನ್ನು ಚೀಲದಲ್ಲಿ ಹಾಕಿ ಕಳಿಸುವುದು, ಅದಕ್ಕೆ ಅಳತೆ ಜಾಕೀಟು ಎಂದು ಹೆಸರು. ದೊಡ್ಡಮ್ಮನದು ಮದುವೆಯ ಹೊಸದರಲ್ಲಿ ಹೊಲಿಸಿದ್ದು. 'ಇದಕ್ಕಿಂತ ಎರಡು ಬೆರಳು ಸಡಿಲ' ಎಂದು ಹೇಳಿ ಕಳಿಸಿದರೆ ಮುಗಿಯಿತು. ಯಾವಾಗಲೋ ಒಮ್ಮೆ ಆ ಟೈಲರು ಜಾಕೀಟಿನ ಎದೆಸುತ್ತು ಮೂವತ್ತಾರು ಎಂದನಂತೆ. ಅಂದಿನಿಂದ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಬಾಡಿಗೂ ಅದೇ ಮೂವತ್ತಾರು. ಅಲ್ಲೂ ಗಂಡಸರೇ. ದೊಡ್ಡಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಂಬರು ಪಿಸುಗುಟ್ಟುವಳು, ಅವರು ಪೇಪರಿನಲ್ಲಿ ಸುತ್ತಿ ಕೊಡುವರು, ಬಿಚ್ಚಿ ನೋಡುವ ಮಾತೇ ಇಲ್ಲ. ಅಮ್ಮ ಕಡ್ಡಿಯಂತಿದ್ದಳು, ಅವಳಿಗೂ ಮೂವತ್ತಾರು. ಒಂಬತ್ತನೇ ಕ್ಲಾಸಿನಲ್ಲಿ ನನಗೂ ಅದೇ ಬಂತು. ಪಟ್ಟಿ ಜಾರುತ್ತದೆಂದು ನಾನು ಅತ್ತರೆ, 'ಬೆಳೆಯೋ ಉಡ್ಗಿ, ಇರ್ಲಿ ಬಿಡು. ನಮ್ಮನೇವ್ರದೆಲ್ಲಾ ಮೂವತ್ತಾರೇ' ಎಂದು ದೊಡ್ಡಮ್ಮ ಪಿನ್ನು ಚುಚ್ಚಿ ಬಿಗಿಮಾಡಿದಳು. ಅದೇನು ಮನೆದೇವರೇ, ಎಲ್ಲರಿಗೂ ಒಂದೇ ಇರಲು?

ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದೆ. ದೊಡ್ಡಪ್ಪ ಹೋದರು, ಮನೆ ಪಾಲಾಯಿತು, ಪಾಲಾದದ್ದನ್ನು ಕೆಡವಿದರು. ದೊಡ್ಡಮ್ಮ ತನ್ನ ಟ್ರಂಕು ಹಿಡಿದು ನನ್ನ ಮನೆಗೆ ಬಂದಳು. ಆಗೊಮ್ಮೆ ಇಲ್ಲಿ ಹೆಂಗಸರೇ ನಡೆಸುವ ಅಂಗಡಿಯೊಂದಕ್ಕೆ ಹೋಗಿದ್ದೆ. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಕಡೆಯ ತಮಿಳು ಮನೆಯ ಹುಡುಗಿಯೊಬ್ಬಳು ನನ್ನ ಮೂವತ್ತಾರು ಕೇಳಿ ನಕ್ಕಳು. 'ಅಕ್ಕಾ, ಜಾಕೀಟ್ ಅಳತೆ ಬೇರೆ, ಇದು ಬೇರೆ. ಈ ನಂಬರು ಎದೇಗಲ್ಲ, ಎದೆ ಕೆಳಗೆ ಪಕ್ಕೆಗೆ. ಎದೆಗೆ ನಂಬರಿನ ಮುಂದೆ ಇರೋ ಎ, ಬಿ, ಸಿ ಅಕ್ಷರ. ಸುತ್ತು ಸಡಿಲ ಆದ್ರೆ ಭಾರ ಎಲ್ಲಾ ಭುಜಕ್ಕೇ ಬೀಳುತ್ತೆ.' ಭುಜ ಎಂದದ್ದೇ ತಡ, ನನ್ನ ಕಿರುಬೆರಳಿಗೆ ಹರಳೆಣ್ಣೆ ಅಂಟಿದಂತಾಯಿತು. ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗಲಿಲ್ಲ.

ಮನೆಗೆ ಬಂದವಳೇ ದೊಡ್ಡಮ್ಮನನ್ನು ನಿಲ್ಲಿಸಿ ಅಳೆದೆ. ಅವಳ ಜನ್ಮದಲ್ಲಿ ಅದೇ ಮೊದಲು. ಕಚಗುಳಿಯೆಂದು ಮೈಯೆಲ್ಲ ಕುಲುಕಿ ನಕ್ಕಳು, ಟೇಪು ಎರಡು ಸಲ ಜಾರಿ ಬಿತ್ತು. ಮೂವತ್ನಾಲ್ಕು, ಮುಂದೆ ಡಿ. ಅಷ್ಟಕ್ಕೇ ಮುಗಿಯಿತೇ? ಒಂದು ಕಂಪನಿಯ ಮೂವತ್ನಾಲ್ಕು ಉಸಿರು ಕಟ್ಟಿಸಿತು, ಇನ್ನೊಂದರದು ಹಿಂದೆ ಮೇಲಕ್ಕೇರಿತು, ಮತ್ತೊಂದು ಪೆಟ್ಟಿಗೆಯ ಮೇಲೆ ಇಂಚಿನ ಬದಲು ಸೆಂಟಿಮೀಟರು. 'ಎಂಬತ್ತೈದಾ? ಅದೇನು ಎಮ್ಮೆಗಾ?' ಎಂದಳು. ಕೊನೆಗೆ ಆ ಎಮ್ಮೆಯದೇ ಸರಿಹೋಯಿತು. ಅವಳು ಮೆಲ್ಲಗೆ ಬಲಗೈ ಎತ್ತಿದಳು, ತಲೆಯ ಮೇಲಕ್ಕೆ, ಅಲ್ಲೇ ಹಿಡಿದು ನನ್ನನ್ನು ನೋಡಿದಳು. 'ಏನೂ ಆಕ್ಕೊಂಡಂಗೇ ಇಲ್ವಲ್ಲೇ. ಇಷ್ಟು ದಿನ ಯಾರ ಅಳತೆ ಒತ್ಕೊಂಡು ತಿರುಗ್ದೆ ನಾನು?' ನನಗೆ ಅಳು ಬಂತು. ಅವಳು ಮಾತ್ರ ಆ ವಾರವೆಲ್ಲ ಬೇಕಿರಲಿ ಬೇಡವಿರಲಿ, ಮೇಲಿನ ಶೆಲ್ಫಿನ ಡಬ್ಬಗಳನ್ನು ಇಳಿಸುತ್ತ ಇಡುತ್ತ ಇದ್ದಳು.

ಅದು ಅವಳ ಮೈಗೆ ಸರಿಯಾಗಿ ಕೂತದ್ದು ದೀಪಾವಳಿಯವರೆಗೆ. ಆಮೇಲೆ ಕಾಯಿಲೆ ಬಂತು, ಅನ್ನ ಸೇರದಾಯಿತು, ಯುಗಾದಿ ಕಾಣದೆ ಹೋದಳು. ಹೋಗುವುದಕ್ಕೂ ಮುಂಚೆ ಒಂದು ಬೆಳಿಗ್ಗೆ, ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು ಮಂಚದ ಮೇಲೆ ಕೂತಿದ್ದಳು. ಸರಿಯಾದ ಬಾಡಿಯೂ ಮೈಮೇಲೆ ಸಡಿಲವಾಗಿ ನೇತಾಡುತ್ತಿತ್ತು. ನಾನು ಹಟಕ್ಕೆ ಬಿದ್ದವಳಂತೆ ಮತ್ತೆ ಟೇಪು ತಂದೆ. 'ಬಿಡು ಪಾಪ, ದಿನಾ ಒಂದೊಂದು ನಂಬರಾದ್ರೆ ಯಾವ್ದೂಂತ ತತ್ತೀಯ?' ಎಂದಳು. ಟೇಪು ಕೆಳಗಿಟ್ಟು ಅವಳನ್ನು ತಬ್ಬಿಕೊಂಡೆ. ಚಿಕ್ಕವಳಿದ್ದಾಗ ಎಷ್ಟು ಚಾಚಿದರೂ ಆ ಬೆನ್ನ ಹಿಂದೆ ನನ್ನ ಬೆರಳಿಗೆ ಬೆರಳು ಸಿಕ್ಕಿದ್ದಿಲ್ಲ. ಅಂದು ಎರಡು ಕೈಯೂ ಸೇರಿ, ಒಂದನ್ನೊಂದು ದಾಟಿ, ನನ್ನ ಮೊಣಕೈಗಳನ್ನೇ ಹಿಡಿದುಕೊಂಡವು.