ಎಡಗಾಲಿನ ಚಪ್ಪಲಿ

ಅತನೂರಿನ ನಮ್ಮ ಓಣಿಯಲ್ಲಿ ಅವ್ವ ಬರುವುದು ಚಪ್ಪಲಿಯ ಸಪ್ಪಳದಿಂದಲೇ ತಿಳಿಯುತ್ತಿತ್ತು. ಹೊಲದಿಂದ ಚಟಪಟ ಅಂತ ನಡೆದು ಬರುವಳು. ಆ ಸಪ್ಪಳಕ್ಕೆ ನನ್ನ ಕಿವಿ ಇವತ್ತಿಗೂ ಹಾತೊರೆಯುತ್ತದೆ.

ಎಪ್ಪತ್ತರ ದಶಕದ ಕೊನೆಗೆ ನನಗೆ ಆನೆಕಾಲು ರೋಗದ ತಪಾಸಣೆಯ ನೌಕರಿ ಸಿಕ್ಕಿತು. ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ರಾತ್ರಿ ಮಲಗಿದವರನ್ನು ಎಬ್ಬಿಸಿ, ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಹಿಡಿಯುವ ಕೆಲಸ. ಈ ರೋಗದ ಹುಳು ಹಗಲಲ್ಲಿ ಅಡಗಿರುತ್ತದೆ, ರಾತ್ರಿಯೇ ರಕ್ತಕ್ಕೆ ಬರುತ್ತದೆ. ಬೈಸಿಕೊಳ್ಳುತ್ತಲೇ ಇದನ್ನು ಊರೂರಿಗೆ ಹೇಳಿದವನು ನಾನು.

ಒಮ್ಮೆ ಅವ್ವನಿಗೆ ಜ್ವರ ಬಂದು ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಆನೆಕಾಲು ಶುರುವಾಗುವುದೂ ಹೀಗೆಯೇ. ರಾತ್ರಿ ರಕ್ತ ತೆಗೆಯುತ್ತೇನೆ ಎಂದೆ.

"ದೀಪಾ ಹಚ್ಚಿದ ಮ್ಯಾಲ ಮನ್ಯಾಗ ಸೂಜಿ ಹಿಡೀಬಾರ್ದಂತ ಗೊತ್ತಿಲ್ಲೇನಲೇ? ಬೇಕಂದ್ರ ಈಗ ತಗೋ," ಎಂದು ಬೆರಳು ಚಾಚಿದಳು.

ಊರಿಗೆಲ್ಲ ವಾದ ಹೂಡುವವನು ಅವ್ವನ ಮಾತಿಗೆ ಮಣಿದೆ. ಮಟಮಟ ಮಧ್ಯಾಹ್ನವೇ ರಕ್ತ ತೆಗೆದೆ. ಸೂಕ್ಷ್ಮದರ್ಶಕದಲ್ಲಿ ಒಂದು ಹುಳುವೂ ಕಾಣಲಿಲ್ಲ.

"ಏನೂ ಇಲ್ಲಬೇ ಯವ್ವಾ," ಎಂದೆ.

"ನಾ ಹೇಳಿದ್ದಿಲ್ಲೇನು?" ಎಂದು ನಕ್ಕಳು. ನಾನೂ ನಕ್ಕೆ. ಥೂ ನನ್ನ! ಹಗಲಿನ ರಕ್ತ ಸುಳ್ಳು ಹೇಳುತ್ತದೆಂದು ಗೊತ್ತಿದ್ದೂ ನಂಬಿದೆ. ನಂಬಬೇಕು ಅನ್ನಿಸಿತ್ತು.

ಕೆಲವು ವರ್ಷಗಳ ಮೇಲೆ, ಹಗಲಲ್ಲೇ ಗುಳಿಗೆ ನುಂಗಿಸಿ ಮುಕ್ಕಾಲು ತಾಸು ಬಿಟ್ಟು ರಕ್ತ ನೋಡುವ ಪದ್ಧತಿ ನಮ್ಮ ಕಡೆ ಬಂತು. ಅಡಗಿದ ಹುಳುಗಳನ್ನು ಆ ಗುಳಿಗೆ ಹೊರಗೆಬ್ಬಿಸುತ್ತಿತ್ತು. ಮೊದಲು ಅವ್ವನ ಹತ್ತಿರವೇ ಓಡಿದೆ. ಅಷ್ಟರಲ್ಲಿ ಅವಳ ಎಡಗಾಲು ಬಾತಿತ್ತು. ಅದೇ ಮಧ್ಯಾಹ್ನದ ಹೊತ್ತು, ಅದೇ ಬೆರಳು. ಈ ಸಲ ಹುಳುಗಳು ಕಂಡವು.

"ಆವತ್ತ ಯಾಕ ಕಾಣಲಿಲ್ಲೋ ಇವು?"

ನಿಜ ಹೇಳಿ ಅತ್ತುಬಿಟ್ಟೆ. ಅವ್ವ ಸೆರಗಿನಿಂದ ನನ್ನ ಕಣ್ಣೊರೆಸಿದಳು.

"ರಾತ್ರಿ ಬ್ಯಾಡಂದ್ರ ನೀ ಯಾಕ ನನ್ನ ಮಾತ ಕೇಳಿದಿ? ಬೈದು ತಗೋಬೇಕಿತ್ತು."

ಔಷಧಕ್ಕೆ ಹುಳು ಸತ್ತವು, ಬಾವು ಮಾತ್ರ ಇಳಿಯಲಿಲ್ಲ. ಇಳಿದೀತೆಂಬ ಆಸೆಯಿಂದ ಆಳಂದದಿಂದ ಹೊಸ ಚಪ್ಪಲಿ ತಂದುಕೊಟ್ಟಿದ್ದೆ. ಸಾಯುವತನಕ ಬಲಗಾಲಿಗಷ್ಟೇ ಮೆಟ್ಟಿಕೊಂಡು, ಎಡಗಾಲು ಎಳೆಯುತ್ತ ಹೊಲಕ್ಕೆ ಹೋದಳು. ಬಲಗಾಲಿನದು ಸವೆದು ಹರಿದುಹೋಯಿತು. ಎಡಗಾಲಿನದು ನನ್ನ ಹತ್ತಿರ ಇದೆ. ಅವ್ವ ಬೇಕೆನಿಸಿದಾಗ ತೆಗೆದು ನೋಡುತ್ತೇನೆ. ಅದರಲ್ಲಿ ಅವಳ ಹೆಬ್ಬೆರಳಿನ ಗುರುತೂ ಇಲ್ಲ.