ಡ್ಯಾಮಿನ ಮೇಲೆ ಸತ್ತವನು ಯಾರು

ತೊಂಬತ್ತರ ದಶಕದ ನಡುವೆ ಎರಡು ವರ್ಷ ನಾನು ಸೊರಬದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಶಿಕಾರಿಪುರದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಎಂ.ಎಸ್ಸಿ. ಮುಗಿಸಿ ಆಗಷ್ಟೇ ಸೇರಿದವಳು, ಸ್ವಭಾವವೂ ಸಂಕೋಚದ್ದು. ಸ್ಟಾಫ್ ರೂಮಿನಲ್ಲಿ ನನ್ನ ಮಾತು ಕಡಿಮೆ. ಅಲ್ಲಿಯವರಿಗೆ ನನ್ನಲ್ಲಿ ಆಸಕ್ತಿ ಹುಟ್ಟಿದ್ದು ಒಂದೇ ಕಾರಣಕ್ಕೆ: ಸಿನಿಮಾ ಸೊರಬಕ್ಕಿಂತ ಮೊದಲು ಶಿಕಾರಿಪುರಕ್ಕೆ ಬರುತ್ತಿತ್ತು. ಅದು ನನ್ನ ಯೋಗ್ಯತೆಯಲ್ಲ, ಬರೀ ಭೂಗೋಳ.

ಬೆಂಗಳೂರಿನಲ್ಲಿ ಬಿಡುಗಡೆಯಾದ ಸಿನಿಮಾದ ರೀಲಿನ ಪೆಟ್ಟಿಗೆ ದೊಡ್ಡ ಊರುಗಳನ್ನೆಲ್ಲ ಸುತ್ತಿ ನಮ್ಮೂರಿಗೆ ಬರುವಷ್ಟರಲ್ಲಿ ತಿಂಗಳುಗಳಾಗಿರುತ್ತಿದ್ದವು. ನಮ್ಮಲ್ಲಿ ಎರಡು ವಾರ ಓಡಿ ಅದೇ ಪೆಟ್ಟಿಗೆ ಬಸ್ಸಿನ ಟಾಪಿನ ಮೇಲೆ ಸೊರಬಕ್ಕೆ ಹೋಗುತ್ತಿತ್ತು. ಅಷ್ಟು ಹೊತ್ತಿಗೆ ಹಾಡುಗಳಲ್ಲಿ ಒಂದೊಂದು ಚರಣ ಸವೆದು ಹೋಗಿರುತ್ತಿತ್ತು. ಸೊರಬದವರು ಸಿನಿಮಾ ನೋಡುವ ಮೊದಲೇ ಅದರ ಕತೆ ಊರಿಗೆ ಬಂದಿರುತ್ತಿತ್ತು. ಯಾರೂ ಅದನ್ನು ದೊಡ್ಡ ನಷ್ಟ ಎಂದುಕೊಂಡಿರಲಿಲ್ಲ, ಹಿಂದಿ ಮೇಡಂ ಒಬ್ಬರನ್ನು ಬಿಟ್ಟು.

ಹಿಂದಿ ಮೇಡಂಗೆ ಐವತ್ತರ ಹತ್ತಿರ. ಗಟ್ಟಿ ದನಿ, ಗಟ್ಟಿ ಅಭಿಪ್ರಾಯ. ಅವರ ಗಂಡನಿಗೆ ಸೊರಬದಲ್ಲಿ ಗೊಬ್ಬರ, ಬೀಜದ ಅಂಗಡಿ. ಆಗ ಮರ್ಯಾದಸ್ಥ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಹೊಸ ಸಿನಿಮಾ ಬಂದರೆ ಮೊದಲ ದಿನ ಗಂಡಸರು ಹೋಗಿ ನೋಡಿ ಬರುವುದು. ಮನೆ ಹೆಂಗಸರು ನೋಡುವ ಹಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು. ಆಮೇಲೆ ಹೆಂಗಸರು ಹೋಗುವುದು. ಮೇಡಂ ಗಂಡ ಈ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದರು. ತೀರ್ಪಿಗೆ ಕಾರಣ ಕೊಡಬೇಕಲ್ಲ, ಹಾಗಾಗಿ ಊಟಕ್ಕೆ ಕೂತು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದರು.

"ಮದುವೆಯಾಗಿ ಇಪ್ಪತ್ತೇಳು ವರ್ಷ ಕಣ್ರೀ," ಎಂದು ಮೇಡಂ ಒಂದು ದಿನ ನನಗೆ ಹೇಳಿದರು. "ಕೊನೆ ಗೊತ್ತಿಲ್ದೆ ಒಂದೇ ಒಂದು ಸಿನಿಮಾ ನೋಡಿಲ್ಲ. ಥಿಯೇಟರಲ್ಲಿ ಎಲ್ರೂ ಹೆದರ್ಕೊಂಡು ಕೂತಿದ್ರೆ ನಾನೊಬ್ಳು ಶೇಂಗಾ ಬಿಡಿಸ್ತಾ ಕೂತಿರ್ತೀನಿ."

ಅವರ ಈ ದುಃಖಕ್ಕೆ ಒಂದು ಗುರಿ ಸಿಕ್ಕಿದ್ದು ಅಣ್ಣ ತಮ್ಮಂದಿರ ಒಂದು ಸಿನಿಮಾದಿಂದ. ಅಣ್ಣ ಪೊಲೀಸು, ತಮ್ಮ ಪೋಲಿ. ಇಬ್ಬರ ಪಾತ್ರವನ್ನೂ ಮಾಡಿದ್ದು ಒಬ್ಬನೇ ನಟ. ಅಣ್ಣನಿಗೆ ಮೀಸೆ ಇತ್ತು, ತಮ್ಮನಿಗೆ ಇರಲಿಲ್ಲ, ವ್ಯತ್ಯಾಸ ಅಷ್ಟೇ. ಕೊನೆಯಲ್ಲಿ ಇಬ್ಬರೂ ಡ್ಯಾಮಿನ ಮೇಲೆ ಹೊಡೆದಾಡುತ್ತಾರೆ. ಕತ್ತಲು. ಒಂದು ಗುಂಡಿನ ಸದ್ದು. ಒಬ್ಬ ನೀರಿಗೆ ಬೀಳುತ್ತಾನೆ. ಯಾರೆಂದು ತೋರಿಸುವುದಿಲ್ಲ. ಉತ್ತರ ಎರಡನೇ ಭಾಗದಲ್ಲಿ ಎಂದು ಬರೆದು ಲೈಟು ಹಾಕಿಬಿಟ್ಟರು. ನಮ್ಮೂರಿನ ಜನ ಪೂರ್ತಿ ಐದು ನಿಮಿಷ ಎದ್ದೇ ಇರಲಿಲ್ಲ, ಇನ್ನೊಂದು ರೀಲು ಉಳಿದಿದೆ ಎಂದುಕೊಂಡು. ಗೇಟಿನವನು ಬಂದು, "ಏಳ್ರಪ್ಪಾ, ಮುಗಿದೈತಿ. ನನಗೂ ಗೊತ್ತಿಲ್ಲ ಯಾರು ಸತ್ತಾರಂತ," ಎಂದು ಎಬ್ಬಿಸಿದ್ದ.

ಎರಡನೇ ಭಾಗ ದೀಪಾವಳಿಗೆ ಬರುತ್ತದೆ ಎಂದರು. ಆಮೇಲೆ ಸಂಕ್ರಾಂತಿಗೆ ಎಂದರು. ಆಮೇಲೆ ಯುಗಾದಿಗೆ. ಸ್ಟಾಫ್ ರೂಮಿನಲ್ಲಿ ಪ್ರತಿ ಮುಂದೂಡಿಕೆಗೂ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಸರಬರಾಜು ಮಾಡುತ್ತಿದ್ದವರು ಪಿ.ಟಿ. ಮೇಷ್ಟ್ರು. ಮಕ್ಕಳಿಗೆ ಮೈದಾನದಲ್ಲಿ ಎರಡು ಸುತ್ತು ಓಡಲು ಹೇಳಿ, ತಾವು ಸಿನಿಮಾ ವಾರಪತ್ರಿಕೆ ಹಿಡಿದು ಒಳಗೆ ಬಂದು ಕೂರುತ್ತಿದ್ದರು.

"ಹೀರೋ ಕಾಲು ಮುರ್ಕೊಂಡಿದಾನಂತೆ."

"ಯಾವ ಕಾಲ್ರೀ? ಅಣ್ಣಂದೋ ತಮ್ಮಂದೋ?" ಎಂದು ಮೇಡಂ ತಕ್ಷಣ ಕೇಳಿದರು.

"ಇಬ್ರಿಗೂ ಇರೋದು ಎರಡೇ ಕಾಲು ಮೇಡಂ. ಒಂದು ಮುರಿದ್ರೆ ಇಬ್ರೂ ಕುಂಟ್ಬೇಕು."

ಸತ್ತವನು ಅಣ್ಣ ಎಂದು ಮೇಡಂ ನಂಬಿದ್ದರು, ಏಕೆಂದರೆ ತಮ್ಮ ಸಾಯುವುದು ಅವರಿಗೆ ಇಷ್ಟವಿರಲಿಲ್ಲ. ಪಿ.ಟಿ. ಮೇಷ್ಟ್ರು ತಮ್ಮನೇ ಸತ್ತಿದ್ದಾನೆ ಎಂದು ವಾದಿಸುತ್ತಿದ್ದರು, ಏಕೆಂದರೆ ಮೇಡಂ ಅಣ್ಣ ಎಂದಿದ್ದರು. ನೀರಿಗೆ ಬಿದ್ದ ಸದ್ದಿನ ಮೇಲೆ ತೂಕ ಹೇಳಬಹುದೇ ಎಂದು ಒಮ್ಮೆ ನನ್ನ ಅಭಿಪ್ರಾಯ ಕೇಳಿದರು. ಇಬ್ಬರೂ ಒಬ್ಬನೇ ನಟನಾದ್ದರಿಂದ ತೂಕ ಒಂದೇ ಎಂದೆ. ಆ ವರ್ಷ ಸ್ಟಾಫ್ ರೂಮಿನಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದು.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ, ಜೂನ್ ತಿಂಗಳಲ್ಲಿ, ಪೆಟ್ಟಿಗೆ ಶಿಕಾರಿಪುರಕ್ಕೆ ಬರುವುದು ಖಚಿತವಾಯಿತು. ಮೇಡಂ ನನ್ನನ್ನು ಕಿಟಕಿಯ ಬಳಿ ಕರೆದರು.

"ನೋಡ್ರಿ, ಬಿತ್ತನೆ ಟೈಮು. ನಮ್ಮನೆಯವ್ರು ಅಂಗಡಿ ಬಿಟ್ಟು ನಿಮ್ಮೂರಿಗೆ ಬರೋಕಾಗಲ್ಲ. ಸೊರಬಕ್ಕೆ ಬಂದ ಮೇಲೇ ನೋಡೋದು. ಅದಕ್ಕಿಂತ ಮೊದ್ಲು ನಾನು ಬಂದು ನೋಡ್ಕೊಂಡು ಹೋಗ್ಬೇಕು. ಈ ಭಾನುವಾರ ನಮ್ಮ ನಾದಿನಿ ಮನೇಲಿ ಸೀಮಂತ. ಮುಂದಿನ ಭಾನುವಾರ ಬರ್ತೀನಿ. ಹೊಸ ಟೀಚರ್ ಊಟಕ್ಕೆ ಕರ್ದಿದಾರೆ ಅಂತ ಮನೇಲಿ ಹೇಳ್ತೀನಿ."

ನಾನು ಕರೆದಿರಲಿಲ್ಲ. ಸುಳ್ಳು ಉಳಿಯಬಾರದೆಂದು ಅಲ್ಲೇ ಊಟಕ್ಕೆ ಕರೆದೆ.

"ನೀವು ಈ ವಾರವೇ ನೋಡ್ತೀರಲ್ಲ?"

"ಶನಿವಾರ ಅಮ್ಮನ ಜೊತೆ ಹೋಗ್ತಿದೀನಿ."

ಮೇಡಂ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಎಳೆದು, ನನ್ನ ಬಲಗೈಯನ್ನು ಅದರ ಮೇಲೆ ಇರಿಸಿದರು. "ಪುಸ್ತಕ ಅಂದ್ರೆ ಸರಸ್ವತಿ. ಯಾರು ಸತ್ತ ಅಂತ ನಂಗಾಗ್ಲಿ ಬೇರೆ ಯಾರಿಗಾಗ್ಲಿ ಹೇಳಲ್ಲ ಅನ್ನಿ." ಹೇಳುವುದಿಲ್ಲ ಎಂದೆ. ಎಂಟನೇ ತರಗತಿ ಬಿ ವಿಭಾಗದ ಹಾಜರಿಯ ಮೇಲೆ ಮಾಡಿದ ಆ ಪ್ರಮಾಣವನ್ನು ನಾನು ಗಂಭೀರವಾಗಿಯೇ ತೆಗೆದುಕೊಂಡಿದ್ದೆ.

ಶನಿವಾರ ಸಂಜೆ ಸಿನಿಮಾ ನೋಡಿದೆ. ಎರಡನೇ ಭಾಗದಲ್ಲಿ, ಡ್ಯಾಮಿನಿಂದ ಬದುಕಿ ಬಂದವನು ಮುಖದ ತುಂಬ ಗಡ್ಡ ಬಿಟ್ಟುಕೊಂಡು, ಮಾತು ಹೋಗಿ, ಊರೂರು ಅಲೆಯುತ್ತಾನೆ. ಗಡ್ಡದ ಕೆಳಗೆ ಮೀಸೆಯ ವ್ಯತ್ಯಾಸವೂ ಹೋಯಿತು. ಹೆತ್ತ ತಾಯಿಗೂ ಇವನು ಯಾವ ಮಗ ಎಂದು ಗೊತ್ತಾಗುವುದಿಲ್ಲ. ಕೊನೆಯ ರೀಲಿನಲ್ಲಿ ಮಾತು ಮರಳುತ್ತದೆ. ಅವನು ತಮ್ಮ. ಸತ್ತವನು ಅಣ್ಣ. ಮೇಡಂ ಆಸೆಪಟ್ಟಂತೆಯೇ.

ಸೋಮವಾರದಿಂದ ನನ್ನ ವಿಚಾರಣೆ ಶುರುವಾಯಿತು. ಮೇಡಂ ಒಳಗಿದ್ದರೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಅವರು ತರಗತಿಗೆ ಹೋದ ಕೂಡಲೇ ಪಿ.ಟಿ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಬರುತ್ತಿದ್ದರು.

"ನೀವು ಏನೂ ಹೇಳ್ಬೇಡಿ ಟೀಚರ್, ಭಾಷೆ ಮುರಿಯೋದು ಬೇಡ. ನಾನೇ ಹೇಳ್ತಾ ಹೋಗ್ತೀನಿ. ತಪ್ಪಿದ್ರೆ ಒಂದು ಸಲ ಕೆಮ್ಮಿ, ಸಾಕು."

ಆ ವಾರ ನನಗೆ ನಿಜವಾಗಿಯೂ ಕೆಮ್ಮು ಇತ್ತು. ಸೀಮೆಸುಣ್ಣದ ಪುಡಿ ನನಗೆ ಆಗದು. ಐದು ದಿನ ಸ್ಟಾಫ್ ರೂಮಿನಲ್ಲಿ ಕೆಮ್ಮನ್ನು ನುಂಗಿಕೊಂಡು, ಬಚ್ಚಲಿಗೆ ಹೋಗಿ ಕೆಮ್ಮಿ ಬರುತ್ತಿದ್ದೆ. ಬುಧವಾರ ತಡೆಯಲಾಗದೆ ಎರಡು ಸಲ ಬಂದುಬಿಟ್ಟಿತು. ಮೇಷ್ಟ್ರು ಹಣೆ ಬಡಿದುಕೊಂಡರು. "ಎರಡು ಅಂದ್ರೆ ಏನು ಮಾರಾಯ್ತಿ? ಇಬ್ರೂ ಸತ್ರಾ?"

ಭಾನುವಾರ ಹನ್ನೊಂದಕ್ಕೆ ಶಿಕಾರಿಪುರ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದೆ. ಬಸ್ಸು ಬಂತು. ಮೇಡಂ ಇಳಿದರು. ಎರಡು ಕಿವಿಗೂ ನಿಂಬೆಹಣ್ಣಿನ ಗಾತ್ರದ ಹತ್ತಿ. ನಾನು ಕೂಗಿದ್ದು ಕೇಳಿಸಲಿಲ್ಲ. ಹೋಗಿ ಕೈ ಹಿಡಿದೆ.

"ಶಿರಾಳಕೊಪ್ಪದಲ್ಲಿ ನಾಲ್ಕು ಜನ ಹತ್ತಿದ್ರು ನೋಡ್ರಿ," ಎಂದು ಅವರು ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಹೇಳಿದರು, ತಮ್ಮ ದನಿ ತಮಗೇ ಕೇಳಿಸದ್ದರಿಂದ. "ಎರಡನೇ ಸಲ ನೋಡೋಕೆ ಹೊರಟವ್ರಂತೆ. ಬಾಯಿ ತೆಗೆದ್ರೆ ಡ್ಯಾಮು. ಹತ್ತಿ ಇಟ್ಕೊಂಡೆ. ಕಂಡಕ್ಟರ್ ಬಂದು ಕಿವಿ ನೋವೇನ್ರೀ, ಬೆಳ್ಳುಳ್ಳಿ ಎಣ್ಣೆ ಬಿಡ್ರೀ ಅಂತ ಕೈಸನ್ನೆ ಮಾಡಿ ಹೇಳ್ದ. ಹೂಂ ಅಂದೆ."

ಮನೆಯಲ್ಲಿ ಅಮ್ಮ ರೊಟ್ಟಿ, ಎಣಗಾಯಿ ಮಾಡಿದ್ದಳು. ಅಮ್ಮನಿಗೂ ಬಾಯಿ ಬಿಡಬಾರದೆಂದು ಹೇಳಿದ್ದೆ. ಬಡಿಸುವಾಗ ಅವಳು ಬಿಗಿದ ತುಟಿಯಲ್ಲೇ ಇದ್ದಳು. ಹೊರಡುವಾಗ ಮಾತ್ರ ನನ್ನನ್ನು ಅಡಿಗೆಮನೆಗೆ ಕರೆದು, "ಎರಡು ಸಲ ನೋಡೋವಂಥಾದ್ದು ಏನೈತವ್ವಾ ಅದ್ರಾಗೆ?" ಎಂದಳು.

ಥಿಯೇಟರಿನ ಹೆಂಗಸರ ಸಾಲಿನಲ್ಲಿ ನೂಕಾಡಿ ಟಿಕೆಟು ತೆಗೆದುಕೊಂಡು ಬಾಲ್ಕನಿಯಲ್ಲಿ ಕೂತೆವು. ದೀಪ ಆರಿದ ಮೇಲೆ ಮೇಡಂ ಹತ್ತಿ ತೆಗೆದರು. ಮೊದಲ ಅರ್ಧ ಗಂಟೆ ಅವರ ಮುಖ ನೋಡುವುದೇ ನನಗೆ ಸಿನಿಮಾ. ತಂದಿದ್ದ ಶೇಂಗಾ ಪೊಟ್ಟಣ ಬಿಚ್ಚಿರಲಿಲ್ಲ. ಗಡ್ಡದವನು ತಾಯಿಯ ಮನೆಯ ಬಾಗಿಲವರೆಗೆ ಬಂದು ಹಿಂತಿರುಗಿದಾಗ ನನ್ನ ಮೊಣಕೈ ಹಿಡಿದರು. ಆಮೇಲೆ ಬಿಡಲಿಲ್ಲ. ಇಂಟರ್ವಲ್ಲಿಗೆ ದೀಪ ಹತ್ತಿದರೂ ಕೈ ಅಲ್ಲೇ ಇತ್ತು.

ಸೋಡಾ ತರಿಸಿದೆ. ಕುಡಿಯಲಿಲ್ಲ.

"ಯಾರ್ರೀ ಅವನು?" ಎಂದರು ಪಿಸುದನಿಯಲ್ಲಿ.

"ಈಗ ಗೊತ್ತಾಗುತ್ತೆ ಮೇಡಂ."

"ಎದೆ ಹೊಡ್ಕೊಳ್ತಿದೆ ಕಣ್ರೀ. ಜನ ಇದನ್ನ ಹೆಂಗೆ ತಡ್ಕೊಳ್ತಾರೆ? ಹೇಳಿಬಿಡ್ರಿ."

"ನೀವೇ ಪ್ರಮಾಣ ಮಾಡಿಸಿದ್ದೀರಿ."

"ತಗೊಂಡವಳು ನಾನೇ ತಾನೆ? ವಾಪಸ್ ಕೊಡ್ತಿದೀನಿ, ಇಟ್ಕೊಳ್ರಿ." ಕಣ್ಣಲ್ಲಿ ನೀರಿತ್ತು. "ನೀವು ಹೇಳ್ದೇ ಇದ್ರೆ ಕೆಳಗೆ ಹೋಗಿ ಗೇಟಿನವ್ನನ್ನ ಕೇಳ್ತೀನಿ." ಎದ್ದೇಬಿಟ್ಟರು.

ಇಪ್ಪತ್ತೇಳು ವರ್ಷ ಕಾದಿದ್ದವರು, ಹತ್ತಿ ಇಟ್ಟುಕೊಂಡು ಬಂದವರು, ಇನ್ನು ಒಂದು ಗಂಟೆ ಉಳಿದಿರುವಾಗ ಗೇಟಿನವನ ಬಾಯಲ್ಲಿ ಕೊನೆಯನ್ನು ಕೇಳುವುದನ್ನು ನನಗೆ ಸಹಿಸಲಾಗಲಿಲ್ಲ. ಹೇಳದಿದ್ದರೆ ಅವರು ಹೋಗುತ್ತಾರೆ. ಹೇಳಿದರೆ ಬಂದದ್ದು ವ್ಯರ್ಥ. ನಾನು ಸುಳ್ಳು ಹೇಳುವವಳಲ್ಲ; ಧೈರ್ಯವಿಲ್ಲದ್ದಕ್ಕಿಂತ ಹೆಚ್ಚಾಗಿ ಅಭ್ಯಾಸವಿಲ್ಲ. ಸೆರಗು ಹಿಡಿದು ಕೂರಿಸಿ, ಕಿವಿಯ ಹತ್ತಿರ ಬಾಗಿ ಹೇಳಿದೆ.

"ತಮ್ಮ ಸತ್ತ ಮೇಡಂ. ಇವನು ಅಣ್ಣ."

ಮೇಡಂ ಸೀಟಿಗೆ ಒರಗಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಪಾಪ, ಚಿಕ್ಕ ವಯಸ್ಸು," ಎಂದರು. ಆಮೇಲೆ ಸೋಡಾ ಕುಡಿದರು. ದೀಪ ಆರಿತು. ಶೇಂಗಾ ಪೊಟ್ಟಣ ಬಿಚ್ಚಿದ ಸದ್ದು ಕೇಳಿಸಿತು. ನನಗೂ ಒಂದು ಹಿಡಿ ಕೊಟ್ಟು, ಸಮಾಧಾನದಿಂದ, ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ "ಹೆದರ್ಬೇಡ್ರಿ, ಅವನು ಅಣ್ಣ," ಎಂದೂ ಹೇಳಿದರು. ಆ ಹೆಂಗಸು ಕೆಂಗಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡಿದಳು. ನಾನು ನನ್ನ ಚಪ್ಪಲಿ ನೋಡುತ್ತ ಕೂತೆ.

ಕೊನೆಯ ರೀಲು. ತಾಯಿ ಬಾವಿಯ ಕಟ್ಟೆಯ ಮೇಲೆ ಜಾರಿದಳು. ಗಡ್ಡದವನ ಬಾಯಿಂದ ಮಾತು ಹೊರಟಿತು, ತಮ್ಮ ಮಾತ್ರ ತಾಯಿಯನ್ನು ಕರೆಯುತ್ತಿದ್ದ ಮುದ್ದಿನ ಹೆಸರು. ಕೆಳಗಿನ ಬೆಂಚಿನವರು ಸಿಳ್ಳೆ ಹೊಡೆಯುವ ಮೊದಲೇ ಬಾಲ್ಕನಿಯಲ್ಲಿ ಒಂದು ಕೂಗು ಎದ್ದಿತು.

"ಅಯ್ಯಯ್ಯೋ! ತಮ್ಮ ಕಣ್ರೋ! ತಮ್ಮ!"

ಮೇಡಂ ಎದ್ದು ನಿಂತಿದ್ದರು. ಶೇಂಗಾ ಸಿಪ್ಪೆಯೆಲ್ಲ ಮುಂದಿನ ಸಾಲಿನವರ ತಲೆಯ ಮೇಲೆ. ಹಿಂದಿನವರು "ಕೂಡ್ರಿ ಬೇ" ಎಂದು ಕೂಗಿದರೂ ಕೂರಲಿಲ್ಲ. ಅಳುತ್ತಿದ್ದರು, ನಗುತ್ತಿದ್ದರು, ಬ್ಯಾಗಿನಿಂದ ನನ್ನ ಭುಜಕ್ಕೆ ಬಾರಿಸುತ್ತಿದ್ದರು. "ಸುಳ್ಳಿ! ಲೆಕ್ಕದ ಟೀಚರ್ ಆಗಿ ಸುಳ್ಳು ಹೇಳ್ತೀರಾ!" ಪಕ್ಕದ ಹೆಂಗಸು ಆಗ ನನ್ನನ್ನು ನೋಡಿ ಮೊದಲ ಸಲ ನಕ್ಕಳು.

ನಮ್ಮೂರಿನ ಎರಡು ವಾರ ಮುಗಿದು ಪೆಟ್ಟಿಗೆ ಸೊರಬಕ್ಕೆ ಹೋಯಿತು. ಮೇಡಂ ಗಂಡ ಎಂದಿನಂತೆ ಮೊದಲ ದಿನವೇ ನೋಡಿ ಬಂದರು. ಮರುದಿನ ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ಮೇಡಂ ನನಗಾಗಿ ಕಾಯುತ್ತಿದ್ದರು. ಮುಖ ವಿಚಿತ್ರವಾಗಿತ್ತು.

"ಹೇಳಿದ್ರಾ?" ಎಂದೆ.

"ಪೂರ್ತಿ ಹೇಳಿದ್ರು. ಏನಂದ್ರು ಗೊತ್ತಾ? ಅಣ್ಣ ಬದುಕಿದಾನೆ, ತಮ್ಮ ಸತ್ತ, ಕೊನೆ ಚೆನ್ನಾಗಿಲ್ಲ, ನೀನು ನೋಡೋದು ಬೇಡ ಅಂದ್ರು."

ನನಗೆ ಅರ್ಥವಾಗಲಿಲ್ಲ.

"ನಿದ್ದೆ ಕಣ್ರೀ. ದಿನವೆಲ್ಲ ಗೊಬ್ಬರದ ಮೂಟೆ ಎಣಿಸಿ ಹೋಗಿರ್ತಾರೆ. ಕೊನೇ ರೀಲಿಗೆ ನಿದ್ದೆ ಹೋಗಿದಾರೆ. ಎದ್ದು ಬಂದು ಬಾಯಿಗೆ ಬಂದಂಗೆ ಮುಗಿಸಿದಾರೆ. ಇವ್ರು ಹೋಗಿ ಬಾ ಅಂದ ಸಿನಿಮಾದ ಕೊನೆ ಎಲ್ಲ ಹೇಳಿದಂಗೇ ಇರ್ತಿತ್ತು. ಬೇಡ ಅಂದಿದ್ದನ್ನ ನಾನು ನೋಡೇ ಇಲ್ಲ. ಇವ್ರು ಹೇಳಿದ್ದೇ ಅದರ ಕೊನೆ ಅಂತ ನಂಬಿದ್ದೆ."

"ನೀವು ಏನೂ ಹೇಳಲಿಲ್ವಾ?"

"ಸಾರು ಬಡಿಸ್ತಾ ಇದ್ದೆ. ನಿಂಗೆ ಯಾಕೆ ನಗು ಅಂತ ಕೇಳಿದ್ರು."

ಬ್ಯಾಗಿನಿಂದ ಒಂದು ಹಾಳೆ ತೆಗೆದರು. ಹಿಂದಿ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ, ಬೇಡವೆಂದ ಸಿನಿಮಾಗಳ ಹೆಸರನ್ನೆಲ್ಲ ನೆನಪು ಮಾಡಿಕೊಂಡು ಬರೆದಿದ್ದರು. ಹದಿನಾರು. "ಇದ್ರಲ್ಲಿ ನೀವು ಯಾವ್ಯಾವುದು ನೋಡಿದೀರಿ? ಕೊನೆ ಮಾತ್ರ ಹೇಳ್ರಿ. ಈ ಸಲ ನಿಜ ಹೇಳಿ."

ನಾನು ಮೂರು ನೋಡಿದ್ದೆ. ಗಂಟೆ ಹೊಡೆಯುವುದರೊಳಗೆ ಒಂದನ್ನು ಹೇಳಲು ಸಮಯವಿತ್ತು. ಅದರಲ್ಲಿ ನಾಯಕನ ಅತ್ತಿಗೆ ವಿಷ ಕುಡಿದು ಸತ್ತಳೆಂದು ಮೇಡಂ ಹನ್ನೊಂದು ವರ್ಷದಿಂದ ತಿಳಿದುಕೊಂಡಿದ್ದರು. ಅತ್ತಿಗೆ ಸತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಹುಷಾರಾಗಿ, ಕೊನೆಯ ಹಾಡಿನಲ್ಲಿ ಎಲ್ಲರ ಜೊತೆ ಜೋಕಾಲಿಯಲ್ಲಿ ಕೂತಿದ್ದಳು.

"ಜೋಕಾಲಿಯಲ್ಲಾ?" ಮೇಡಂ ಹಾಳೆಯಲ್ಲಿ ಆ ಸಿನಿಮಾದ ಹೆಸರು ಹುಡುಕಿದರು. "ಅವತ್ತು ರಾತ್ರಿ ನಾನು ಊಟ ಬಿಟ್ಟಿದ್ದೆ ಕಣ್ರೀ ಅವಳಿಗೋಸ್ಕರ," ಎಂದು ಆ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿ, ಸೀಮೆಸುಣ್ಣ ತೆಗೆದುಕೊಂಡು ಒಂಬತ್ತನೇ ತರಗತಿಗೆ ಹೋದರು.